ವಾಲ್ನೂರಿನ ಹೊಳೆಯಲ್ಲಿ ಹಿಡಿಯುವ ಬಲೆ, ಬಿಡುವ ಬಲೆ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಕುಶಾಲನಗರ ದಾಟಿದ ಮೇಲೆ ಗುಡ್ಡೆಹೊಸೂರು ಸಿಗುತ್ತದೆ. ಪ್ರವಾಸಿಗರ ಕಣ್ಣೆಲ್ಲ ಮುಂದೆ ಬರಲಿರುವ ಘಟ್ಟದ ತಿರುವುಗಳ ಮೇಲೆ. ಆದರೆ ಇಲ್ಲಿಯೇ ಎಡಕ್ಕೆ ಹೊರಳಿಕೊಂಡರೆ ಸಿದ್ದಾಪುರದ ರಸ್ತೆ. ಇಕ್ಕೆಲದಲ್ಲೂ ಕಾಫಿ ತೋಟ, ಮರಗಳನ್ನು ತಬ್ಬಿಕೊಂಡ ಕರಿಮೆಣಸಿನ ಬಳ್ಳಿ, ಅಲ್ಲಲ್ಲಿ ಒಂದು ತುಂಡು ಗದ್ದೆ. ನಂಜರಾಯಪಟ್ಟಣದ ಬಳಿ ದುಬಾರೆಯ ಆನೆ ಶಿಬಿರಕ್ಕೆ ಹೋಗುವವರ ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ. ಆ ಗದ್ದಲವನ್ನು ಹಿಂದೆ ಬಿಟ್ಟು ಹೊಳೆಯ ಮೇಲುಭಾಗಕ್ಕೆ ಇನ್ನಷ್ಟು ದೂರ ಹೋದರೆ ಬರುವ ಊರೇ ವಾಲ್ನೂರು.

ವಾಲ್ನೂರಿನಲ್ಲಿ ನೋಡಲು ಏನಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ. ಜಲಪಾತವಿಲ್ಲ, ಹೆಸರಾಂತ ದೇಗುಲವಿಲ್ಲ, ಕೋಟೆಯಿಲ್ಲ. ಇರುವುದು ಕಾವೇರಿ ಮಾತ್ರ. ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಕೊಡಗಿನ ತೋಟಗಳ ನಡುವೆ ಸುತ್ತಿ ಬಳಸಿ ಬಂದ ಹೊಳೆ ಇಲ್ಲಿ ಬಂಡೆಗಳ ನಡುವೆ ಕವಲೊಡೆದು, ಮತ್ತೆ ಒಂದಾಗಿ, ಆಳವಾದ ಮಡುಗಳಲ್ಲಿ ದಣಿವಾರಿಸಿಕೊಳ್ಳುತ್ತದೆ. ಎದುರು ದಡದಲ್ಲಿ ಕಾಡು. ಬೇಸಿಗೆಯ ಮುಂಜಾವಿನಲ್ಲಿ ನೀರಿನ ಮೇಲೆ ಮಂಜು ತೇಲುತ್ತಿರುವಾಗ ಎಲ್ಲೋ ಒಂದು ಕಡೆ ದೊಡ್ಡ ಮೀನೊಂದು ಮೇಲೆದ್ದು ಬಾಲ ಬಡಿದ ಸದ್ದು ಕೇಳಿಸುತ್ತದೆ. ಆ ಸದ್ದನ್ನು ಕೇಳಿಸಿಕೊಳ್ಳಲೆಂದೇ ಇಲ್ಲಿಗೆ ದೂರದೂರದಿಂದ ಜನ ಬರುತ್ತಾರೆ. ಅವರು ಗಾಳ ಹಾಕುವವರು. ಮೀನು ಹಿಡಿಯುತ್ತಾರೆ, ನೋಡುತ್ತಾರೆ, ಮತ್ತೆ ಹೊಳೆಗೇ ಬಿಡುತ್ತಾರೆ.

ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಎಂಬ ಸ್ಥಳೀಯ ಸಂಸ್ಥೆ ಹೊಳೆಯ ಈ ಭಾಗವನ್ನು ಕಾಯುವ ಕೆಲಸವನ್ನು ಬಹಳ ವರ್ಷಗಳ ಹಿಂದೆಯೇ ಕೈಗೆತ್ತಿಕೊಂಡಿತು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರನ್ನು ದೂರವಿಡಬೇಕಾದರೆ ಹೊಳೆಯ ಮೇಲೆ ಯಾರದಾದರೂ ಕಣ್ಣು ಇರಲೇಬೇಕು. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿದೆ. ಆದರೆ ಕಾಯಿದೆ ಪುಸ್ತಕದಲ್ಲಿರುತ್ತದೆ, ಹೊಳೆ ಕಾಡಿನಲ್ಲಿರುತ್ತದೆ. ಗಾಳ ಹಾಕುವವರಿಂದ ಬರುವ ಶುಲ್ಕದಿಂದ ಕಾವಲುಗಾರರನ್ನು ನೇಮಿಸಿ ಹೊಳೆಯನ್ನು ಉಳಿಸಿಕೊಳ್ಳುವುದು ಇಂಥ ಸಂಸ್ಥೆಗಳು ಕಂಡುಕೊಂಡ ದಾರಿ. ಇಲ್ಲಿನ ನಿಯಮ ಸರಳ: ಹಿಡಿದ ಮಹಶೀರ್ ಮೀನನ್ನು ಜೀವಂತವಾಗಿ ನೀರಿಗೆ ಬಿಡಬೇಕು.

ನಿಯಮ ಸರಳವಾದರೂ ಪಾಲಿಸುವುದು ಅಷ್ಟು ಸುಲಭವಲ್ಲ. ನೀರಿಗೆ ಬಿಟ್ಟ ಮೀನೆಲ್ಲ ಬದುಕುತ್ತದೆಯೇ? ಇದಕ್ಕೆ ಉತ್ತರ ಬಹುಮಟ್ಟಿಗೆ ಅಡಗಿರುವುದು ಗಾಳಗಾರನ ಕೋಲಿನಲ್ಲಲ್ಲ, ಬೆಲೆಬಾಳುವ ರೀಲಿನಲ್ಲೂ ಅಲ್ಲ. ಪಕ್ಕದಲ್ಲಿ ಬಂಡೆಗೆ ಒರಗಿಸಿಟ್ಟ, ಯಾರೂ ಹೆಚ್ಚಾಗಿ ಗಮನಿಸದ ಒಂದು ಕೈಬಲೆಯಲ್ಲಿ. ಇಂಗ್ಲಿಷಿನವರು ಇದನ್ನು ಲ್ಯಾಂಡಿಂಗ್ ನೆಟ್ ಎನ್ನುತ್ತಾರೆ.

ಕಾವೇರಿಯ ಬಿಳಿಮೀನು

ಬಲೆಯ ವಿಷಯಕ್ಕೆ ಬರುವ ಮುನ್ನ ಅದರೊಳಗೆ ಬೀಳುವ ಮೀನಿನ ಪರಿಚಯ ಆಗಬೇಕು. ಮಹಶೀರ್ ನಮ್ಮ ರೋಹು, ಕಾಟ್ಲಾಗಳ ದೂರದ ಬಂಧು. ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ್ದು. ಕಾವೇರಿ ದಡದ ಜನ ಇದನ್ನು ಬಿಳಿಮೀನು ಎಂದೂ ಕರೆಯುತ್ತಾರೆ. ಅಂಗೈ ಅಗಲದ ಹುರುಪೆಗಳು, ದಪ್ಪ ತುಟಿ, ಹರಿವಿಗೆ ಎದುರಾಗಿ ನಿಲ್ಲಬಲ್ಲ ಬಲವಾದ ಬಾಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮಂಡಕ್ಕಿ ಎರಚಿದವರಿಗೆಲ್ಲ ಈ ಜಾತಿಯ ಮೀನುಗಳ ದರ್ಶನವಾಗಿರುತ್ತದೆ.

ಈ ಮೀನಿನ ಹಿಂದೆ ಬಿದ್ದವರ ಚರಿತ್ರೆಯೂ ಕುತೂಹಲಕಾರಿಯಾದದ್ದು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಪ್ರಕಟಿಸಿದರು. ಭಾರತದ ಹೊಳೆಗಳಲ್ಲಿ ಗಾಳ ಹಾಕುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ಹೊಳೆಯಲ್ಲಿ 120 ಪೌಂಡ್ ತೂಕದ, ಎಂದರೆ 54 ಕಿಲೊಗಿಂತ ಹೆಚ್ಚಿನ ಮಹಶೀರ್ ಹಿಡಿದರು. ಸತ್ತ ಪ್ರಾಣಿಗಳನ್ನು ಜೀವ ಇರುವಂತೆ ನಿಲ್ಲಿಸುವ ಕಲೆಯಲ್ಲಿ ಆ ಮನೆತನ ಜಗತ್ಪ್ರಸಿದ್ಧವಾಗಿತ್ತು. ಆ ಕಾಲದಲ್ಲಿ ಹಿಡಿದ ಮೀನನ್ನು ಬಿಡಬೇಕೆಂಬ ಆಲೋಚನೆ ಹೆಚ್ಚಿನವರಿಗೆ ಇರಲಿಲ್ಲ. ಆದ್ದರಿಂದ ಮೀನನ್ನು ದಡಕ್ಕೆಳೆಯುವ ಸಾಧನ ಹೇಗಿದ್ದರೂ ನಡೆಯುತ್ತಿತ್ತು. ಉದ್ದ ಹಿಡಿಯ ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಮೀನಿನ ಮೈಗೇ ಚುಚ್ಚಿ ಎಳೆಯುವುದೂ ಇತ್ತು.

ಬಿಟ್ಟುಬಿಡುವ ಪದ್ಧತಿ ಬಂದಮೇಲೆ ಲೆಕ್ಕಾಚಾರವೇ ಬದಲಾಯಿತು. ಮೊದಲು ಬಲೆಯನ್ನು ಆರಿಸುತ್ತಿದ್ದುದು ಮೀನು ತಪ್ಪಿಸಿಕೊಳ್ಳದಿರಲಿ ಎಂದು. ಈಗ ಆರಿಸಬೇಕಾದದ್ದು ಮೀನು ಗಾಯವಿಲ್ಲದೆ ತಿರುಗಿ ಹೋಗಲಿ ಎಂದು.

ಕೊನೆಯ ಎರಡು ಮಾರು

ಗಾಳಕ್ಕೆ ಸಿಕ್ಕ ಮೀನು ದಡದಿಂದ ಎರಡು ಮಾರು ದೂರದಲ್ಲಿರುವಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಯೋಚಿಸೋಣ. ಅದು ಅಷ್ಟುಹೊತ್ತು ತನ್ನ ಶಕ್ತಿಯನ್ನೆಲ್ಲ ಹಾಕಿ ಸೆಣಸಿದೆ. ಓಟದ ಪಂದ್ಯ ಮುಗಿಸಿದ ಹುಡುಗನ ಕಾಲಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವಂತೆ ಅದರ ಸ್ನಾಯುಗಳಲ್ಲೂ ತುಂಬಿಕೊಂಡಿದೆ. ಹುಡುಗನಾದರೆ ಮೈದಾನದ ಅಂಚಿನಲ್ಲಿ ಕುಳಿತು ಏದುಸಿರು ಬಿಟ್ಟು ಸುಧಾರಿಸಿಕೊಳ್ಳುತ್ತಾನೆ. ಮೀನು ಏದುಸಿರು ಬಿಡಬೇಕಾದದ್ದು ನೀರಿನಲ್ಲಿ. ಸರಿಯಾಗಿ ಅದೇ ಹೊತ್ತಿಗೆ ನಾವು ಅದನ್ನು ನೀರಿನಿಂದ ಹೊರಗೆ ತೆಗೆಯುತ್ತೇವೆ! ನೀರಿನಲ್ಲಿ ಹೂವಿನ ಎಸಳಿನಂತೆ ಬಿಡಿಬಿಡಿಯಾಗಿ ಹರಡಿಕೊಂಡಿರುವ ಕಿವಿರಿನ ಎಳೆಗಳು ಗಾಳಿಗೆ ಬಂದೊಡನೆ ಒಂದಕ್ಕೊಂದು ಅಂಟಿಕೊಂಡು ಕುಸಿಯುತ್ತವೆ. ಸುತ್ತ ಬೇಕಾದಷ್ಟು ಆಮ್ಲಜನಕ ಇದ್ದರೂ ಮೀನಿಗೆ ಉಸಿರಿಲ್ಲ.

ಇದರ ಪರಿಣಾಮ ಎಷ್ಟೆಂಬುದನ್ನು ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿತು. ಟ್ರೌಟ್ ಮೀನುಗಳನ್ನು ದಣಿಯುವಂತೆ ಓಡಾಡಿಸಿ, ಗಾಳಿಗೆ ತೆಗೆಯದೆ ಹಾಗೆಯೇ ಬಿಟ್ಟಾಗ ನೂರಕ್ಕೆ 88 ಬದುಕಿದವು. ದಣಿದ ಮೇಲೆ ಅರ್ಧ ನಿಮಿಷ ಗಾಳಿಯಲ್ಲಿಟ್ಟಾಗ ಬದುಕಿದ್ದು ನೂರಕ್ಕೆ 62. ಒಂದು ನಿಮಿಷ ಇಟ್ಟಾಗ ಉಳಿದದ್ದು ನೂರಕ್ಕೆ 28 ಮಾತ್ರ! ಟ್ರೌಟ್ ಬೇರೆ, ಮಹಶೀರ್ ಬೇರೆ. ಪ್ರಯೋಗಶಾಲೆಯ ತೊಟ್ಟಿ ಬೇರೆ, ಹರಿಯುವ ಹೊಳೆ ಬೇರೆ. ಅಂಕಿಗಳನ್ನು ಹಾಗೆಯೇ ಎತ್ತಿ ಕಾವೇರಿಗೆ ಅನ್ವಯಿಸಲಾಗದು. ಆದರೂ ಫೋಟೊಕ್ಕೆಂದು ಮೀನನ್ನು ಎತ್ತಿ ಹಿಡಿದು, ‘ಇನ್ನೊಂದು ಸಲ, ಇನ್ನೊಂದು ಸಲ’ ಎನ್ನುವವರು ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅಲ್ಲಿ ಸಾಯುವ ಮೀನು ಕಣ್ಣೆದುರು ಸಾಯುವುದಿಲ್ಲ. ಈಜಿಕೊಂಡು ಹೋಗಿ, ಮಡುವಿನ ತಳದಲ್ಲಿ, ನಾವು ಊಟ ಮುಗಿಸಿ ಮಲಗಿದ ಮೇಲೆ ಸಾಯುತ್ತದೆ.

ಕೈಬಲೆಯ ನಿಜವಾದ ಉಪಯೋಗ ಇರುವುದು ಇಲ್ಲಿಯೇ. ಬಲೆ ಇದ್ದರೆ ಮೀನನ್ನು ಪೂರ್ತಿ ಸೋತುಹೋಗುವವರೆಗೂ ಆಡಿಸಬೇಕಾಗಿಲ್ಲ. ಇನ್ನೂ ಕಸುವು ಇರುವಾಗಲೇ ಒಳಗೆ ತೆಗೆದುಕೊಳ್ಳಬಹುದು. ಬಂಡೆಯ ಮೇಲೆ ಎಳೆದು ಹಾಕಬೇಕಾಗಿಲ್ಲ. ಬಲೆಯ ಚೀಲವನ್ನು ನೀರಿನಲ್ಲೇ ಮುಳುಗಿಸಿಟ್ಟು, ಮೀನು ಉಸಿರಾಡುತ್ತಿರುವಂತೆಯೇ ಬಾಯಿಯ ಗಾಳ ಬಿಡಿಸಬಹುದು. ಅಂದರೆ ಒಳ್ಳೆಯ ಕೈಬಲೆ ಮೀನನ್ನು ಎತ್ತುವ ಬುಟ್ಟಿಯಲ್ಲ. ನೀರಿನೊಳಗೇ ಅದನ್ನು ಸ್ವಲ್ಪ ಹೊತ್ತು ಕೂರಿಸುವ ತೊಟ್ಟಿಲು.

ಗಂಟಿನ ಬಲೆ, ಗಂಟಿಲ್ಲದ ಬಲೆ

ಅಂಗಡಿಗೆ ಹೋದರೆ ಬಲೆಗಳು ಬಗೆಬಗೆಯವು. ಮೊದಲು ನೋಡಬೇಕಾದದ್ದು ಹಿಡಿಯನ್ನಲ್ಲ, ಬಣ್ಣವನ್ನಲ್ಲ, ಚೀಲದ ನೇಯ್ಗೆಯನ್ನು. ಬೆರಳಿನಿಂದ ಮುಟ್ಟಿ ನೋಡಿ. ಎರಡು ದಾರಗಳು ಕೂಡುವಲ್ಲಿ ಗಟ್ಟಿ ಗಂಟು ಸಿಕ್ಕಿತೋ, ಆ ಬಲೆಯನ್ನು ಅಲ್ಲೇ ಇಟ್ಟುಬಿಡಿ.

ಮೀನಿನ ಮೈಯನ್ನು ಮುಟ್ಟಿದವರಿಗೆ ಅದರ ಲೋಳೆಯ ಅನುಭವವಿದ್ದೇ ಇರುತ್ತದೆ. ಅನೇಕರಿಗೆ ಅದು ಹೇಸಿಗೆ. ಮೀನಿಗೆ ಅದೇ ಕವಚ. ನೀರಿನಲ್ಲಿ ಸದಾ ಇರುವ ರೋಗಾಣುಗಳೂ ಬೂಷ್ಟಿನ ಬೀಜಗಳೂ ಮೈಗೆ ಹತ್ತದಂತೆ ತಡೆಯುವುದು ಆ ತೆಳ್ಳನೆಯ ಲೋಳೆಯ ಪದರ. ಗಂಟು ಗಂಟಾದ ನೈಲಾನ್ ಬಲೆಯಲ್ಲಿ ಮೀನು ಹೊರಳಾಡಿದರೆ ಒಂದೊಂದು ಗಂಟೂ ಅರದಂತೆ ಉಜ್ಜುತ್ತದೆ. ಲೋಳೆ ಹೋಗುತ್ತದೆ, ಹುರುಪೆ ಕೀಳುತ್ತದೆ, ರೆಕ್ಕೆಯ ಪೊರೆ ಸೀಳುತ್ತದೆ. ಕೆಲವು ದಿನಗಳ ನಂತರ ಅಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಬೆಳೆಯಬಹುದು.

ಉತ್ತರ ಅಮೆರಿಕದ ಸಿಹಿನೀರಿನ ಬ್ಲೂಗಿಲ್ ಎಂಬ ಸಣ್ಣ ಮೀನಿನ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಾಲ್ಕು ಬಗೆಯ ಬಲೆಗಳನ್ನು ಹೋಲಿಸಿ ನೋಡಲಾಯಿತು: ರಬ್ಬರಿನದು, ಗಂಟಿಲ್ಲದ ನೈಲಾನಿನದು, ಗಂಟಿನ ಸಣ್ಣ ಕಣ್ಣಿನದು, ಗಂಟಿನ ದೊಡ್ಡ ಕಣ್ಣಿನದು. ಗಂಟಿನ ಬಲೆಗಳೇ ಹೆಚ್ಚು ಗಾಯ ಮಾಡಿದವು. ಬಲೆಯಲ್ಲಿ ಹಿಡಿದ ಮೀನುಗಳಲ್ಲಿ ಬಲೆಯ ಬಗೆಗೆ ತಕ್ಕಂತೆ ನೂರಕ್ಕೆ 4ರಿಂದ 14ರಷ್ಟು ಮುಂದಿನ ದಿನಗಳಲ್ಲಿ ಸತ್ತವು. ಬಲೆಯನ್ನೇ ಬಳಸದೆ ಬಿಟ್ಟವುಗಳಲ್ಲಿ ಒಂದೂ ಸಾಯಲಿಲ್ಲ. ಇದರಿಂದ ಎರಡು ಪಾಠ. ಒಂದು, ಬಲೆ ಬೇಕೇ ಆದರೆ ರಬ್ಬರಿನದೋ ಗಂಟಿಲ್ಲದ್ದೋ ಇರಲಿ. ಎರಡು, ಅಂಗೈಯಷ್ಟು ಮೀನಾದರೆ ಬಲೆಯೇ ಬೇಡ. ಕೈಯನ್ನು ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ ಕಳಿಸಿ.

ಇಂಗ್ಲೆಂಡಿನಲ್ಲಂತೂ ಇದು ಇಷ್ಟಾನಿಷ್ಟದ ಮಾತಾಗಿ ಉಳಿದಿಲ್ಲ. ಅಲ್ಲಿನ ಹೊಳೆ ಕೆರೆಗಳಲ್ಲಿ ಗಂಟಿನ ಬಲೆಯನ್ನಾಗಲಿ ಲೋಹದ ತಂತಿಯ ಬಲೆಯನ್ನಾಗಲಿ ಲ್ಯಾಂಡಿಂಗ್ ನೆಟ್ ಆಗಿ ಬಳಸುವುದು ನಿಯಮಬಾಹಿರ.

ಹಾಗಾದರೆ ರಬ್ಬರೋ, ಗಂಟಿಲ್ಲದ ನೈಲಾನೋ? ರಬ್ಬರ್ ಮೈಗೆ ನುಣುಪು, ನೀರು ಹೀರುವುದಿಲ್ಲ, ಮೂರು ಮುಳ್ಳಿನ ಗಾಳ ಅದಕ್ಕೆ ಸಿಕ್ಕಿಕೊಳ್ಳುವುದೂ ಕಡಿಮೆ. ಮಿನುಗುವ ಕೃತಕ ಎರೆಗಳನ್ನು ಕಟ್ಟಿ ಎಸೆಯುವವರಿಗೆ ಇದು ದೊಡ್ಡ ಅನುಕೂಲ. ನೈಲಾನಿನ ನೂಲಿಗೆ ಮೂರು ಮುಳ್ಳು ಸಿಕ್ಕಿಕೊಂಡರೆ ಒಂದು ಕಡೆ ಮೀನು, ಇನ್ನೊಂದು ಕಡೆ ಬಲೆ, ನಡುವೆ ನಮ್ಮ ಬೆರಳು; ಬಿಡಿಸುವಷ್ಟರಲ್ಲಿ ನಿಮಿಷಗಳು ಕಳೆಯುತ್ತವೆ. ರಬ್ಬರಿನ ದೋಷವೆಂದರೆ ಭಾರ. ಬಲೆ ದೊಡ್ಡದಾದಷ್ಟೂ ತೋಳು ಸೋಲುತ್ತದೆ. ದೊಡ್ಡ ಬಾಯಿಯ ಬಲೆಗೆ ಗಂಟಿಲ್ಲದ ಮೃದುವಾದ ನೈಲಾನೇ ಸೂಕ್ತ. ನೈಲಾನಿನ ಮೇಲೆ ರಬ್ಬರ್ ಲೇಪಿಸಿದ ಬಲೆಗಳೂ ಬಂದಿವೆ. ಅವು ಎರಡರ ನಡುವಿನ ದಾರಿ.

ಬಾಯಿ, ಚೀಲ, ಹಿಡಿ

ಎರಡನೆಯದಾಗಿ ನೋಡಬೇಕಾದದ್ದು ಅಳತೆ. ಸಿಗಬಹುದಾದ ಅತಿ ದೊಡ್ಡ ಮೀನನ್ನು ಮನಸ್ಸಿನಲ್ಲಿಟ್ಟುಕೊಂಡು ಬಲೆ ಕೊಳ್ಳಬೇಕು, ಸಾಧಾರಣವಾಗಿ ಸಿಗುವುದನ್ನಲ್ಲ. ಒಂದೆರಡು ಕಿಲೊ ತೂಗುವ ಮೀನಿಗೆ ಒಂದೂವರೆಯಿಂದ ಎರಡು ಅಡಿ ಉದ್ದದ ಬಾಯಿ ಸಾಕು. ಬಾಯಿ ಕಿರಿದಾದರೆ ಮೀನಿನ ತಲೆ ಒಳಗೆ, ಬಾಲ ಹೊರಗೆ. ಒಂದು ಸಲ ಬಾಲ ಬಡಿದರೆ ಚಿಮ್ಮಿ ಬಂಡೆಗೆ ಬಿದ್ದೀತು.

ಚೀಲದ ಆಳವೂ ಮುಖ್ಯ. ತೀರಾ ಆಳವಾದ, ತಳ ಚೂಪಾದ ಚೀಲದಲ್ಲಿ ಮೀನು ಬಿಲ್ಲಿನಂತೆ ಬಾಗಿ ಮುದುಡಿಕೊಳ್ಳುತ್ತದೆ. ತಳ ಚಪ್ಪಟೆಯಾಗಿದ್ದರೆ ಉದ್ದಕ್ಕೆ ಮಲಗಿರುತ್ತದೆ. ಚೀಲ ಆಳವಿಲ್ಲದಿದ್ದರೆ ಹಾರಿ ಹೋಗುತ್ತದೆ. ಬಲೆಯ ಕಣ್ಣು ರೆಕ್ಕೆಯ ಮುಳ್ಳುಗಳೂ ಕಿವಿರಿನ ಮುಚ್ಚಳವೂ ತೂರದಷ್ಟು ಚಿಕ್ಕದಿರಲಿ. ಹಾಗೆಂದು ಸೊಳ್ಳೆಪರದೆಯಷ್ಟು ಸಣ್ಣದಾದರೆ ಹರಿಯುವ ನೀರಿನಲ್ಲಿ ಬಲೆಯನ್ನು ಸರಿಸುವುದೇ ಆಗದು. ಹೊಳೆ ಅದನ್ನು ಪಟದಂತೆ ಎಳೆದೊಯ್ಯುತ್ತದೆ. ಅಲುಗದ ಕೆರೆಯ ನೀರಿಗೆ ಸಣ್ಣ ಕಣ್ಣು ನಡೆದೀತು, ವಾಲ್ನೂರಿನಂಥ ಹರಿವಿಗೆ ಸ್ವಲ್ಪ ಬಿಡುವಿರುವ ಕಣ್ಣೇ ಬೇಕು.

ಹಿಡಿಯ ಉದ್ದ ನಾವು ನಿಲ್ಲುವ ಜಾಗವನ್ನು ಅವಲಂಬಿಸಿದೆ. ಹರಿಗೋಲಿನಲ್ಲಿ ಕುಳಿತವರಿಗೆ ಎರಡು ಮೂರು ಅಡಿಯ ಹಿಡಿ ಸಾಕು. ಉದ್ದ ಹಿಡಿ ಇದ್ದರೆ ಪಕ್ಕದವರ ತಲೆಗೆ ತಗಲುವುದೇ ಹೆಚ್ಚು. ಎತ್ತರದ ಬಂಡೆಯ ಮೇಲೆ ನಿಂತು ಗಾಳ ಹಾಕುವವರಿಗೆ ಆರು ಅಡಿಯ ಹಿಡಿ ಬೇಕಾದೀತು. ಇದರಲ್ಲಿ ಮೀನಿನ ಹಿತಕ್ಕಿಂತ ಮನುಷ್ಯನ ಹಿತ ದೊಡ್ಡದು. ಹಿಡಿ ಗಿಡ್ಡವಾಯಿತೆಂದು ಪಾಚಿ ಕಟ್ಟಿದ ಬಂಡೆಯ ಅಂಚಿಗೆ ಬಗ್ಗುವವರು ಕಾವೇರಿಯ ಸ್ವಭಾವ ಅರಿಯದವರು.

ಇನ್ನು ಹತ್ತಿಪ್ಪತ್ತು ಕಿಲೊದ ಮಹಶೀರ್ ಬಂದರೇನು ಗತಿ? ಇಂಗ್ಲೆಂಡಿನಲ್ಲಿ ದೊಡ್ಡ ಗೆಂಡೆ ಮೀನು ಹಿಡಿಯುವವರು 42 ಅಂಗುಲ, ಎಂದರೆ ಮೂರೂವರೆ ಅಡಿ ಅಗಲದ ತ್ರಿಕೋನಾಕಾರದ ಬಲೆ ಬಳಸುತ್ತಾರೆ. ಅದು ಮಹಶೀರಿಗೂ ಒದಗುತ್ತದೆ. ಅದಕ್ಕೂ ಮಿಕ್ಕಿದ ಮೀನನ್ನು ಮೊಣಕಾಲುದ್ದದ ನೀರಿಗೆ ತಂದು, ಹೊಟ್ಟೆಯ ಅಡಿಗೆ ಎರಡೂ ಕೈ ಕೊಟ್ಟು, ನೀರಿನಲ್ಲೇ ನಿಲ್ಲಿಸಿಕೊಳ್ಳುವುದು ಲೇಸು. ಅಷ್ಟು ಭಾರದ ಮೀನನ್ನು ಕಿವಿರಿಗೆ ಬೆರಳು ಹಾಕಿ ಮೇಲೆತ್ತುವುದು, ಬಾಲ ಹಿಡಿದು ತೂಗುಹಾಕುವುದು ಅದರ ಒಳ ಅಂಗಾಂಗಗಳಿಗೆ ಅಪಾಯಕಾರಿ. ನೀರು ಹೊರುತ್ತಿದ್ದ ಮೈಭಾರವನ್ನು ಗಾಳಿ ಹೊರುವುದಿಲ್ಲ.

ಬಲೆ ಹಿಡಿಯುವವರ ಕೆಲಸ

ಕೋಲು ಹಿಡಿದವನಿಗೆ ಹೆಸರು, ಬಲೆ ಹಿಡಿದವನಿಗೆ ಹೊಣೆ. ತಂದೆಯ ಜತೆ ಹೋದ ಮಕ್ಕಳಿಗೆ ಸಾಮಾನ್ಯವಾಗಿ ಒಪ್ಪಿಸುವ ಕೆಲಸ ಈ ಎರಡನೆಯದು. ಮಕ್ಕಳೇ, ಇದನ್ನು ಕೀಳೆಂದು ತಿಳಿಯಬೇಡಿ. ಮೀನಿನ ಬದುಕು ನಿರ್ಧಾರವಾಗುವುದು ನಿಮ್ಮ ಕೈಯಲ್ಲಿ.

ಮೊದಲು ಬಲೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ನೆನೆಸಬೇಕು. ಒಣ ಬಲೆ ಲೋಳೆಯನ್ನು ಒರಸಿಕೊಳ್ಳುತ್ತದೆ. ಮೀನು ಹತ್ತಿರ ಬರುವ ಮೊದಲೇ ಬಲೆಯನ್ನು ನೀರಿನೊಳಗೆ ಇಳಿಸಿ ಅಲುಗಾಡದೆ ಹಿಡಿದುಕೊಳ್ಳಬೇಕು. ಹಳೆಯ ಗಾಳಗಾರರೆಲ್ಲ ಹೇಳುವ ಸೂತ್ರ ಒಂದೇ: ಬಲೆ ಮೀನಿನ ಹಿಂದೆ ಹೋಗಬಾರದು, ಮೀನು ಬಲೆಯ ಮೇಲೆ ಬರಬೇಕು. ಬಲೆಯನ್ನು ಕಂಡು ಬೆದರಿದ ಮೀನು ಮತ್ತೊಮ್ಮೆ ಓಡುತ್ತದೆ. ಓಡಲಿ, ಅಟ್ಟಿಸಿಕೊಂಡು ಹೋಗಿ ಬೀಸಬಾರದು. ಹಿಂದಿನಿಂದ ಬಾಲಕ್ಕೆ ಬಲೆ ತಾಗಿಸಿದರೆ ಅದು ಮುಂದಕ್ಕೆ ಚಿಮ್ಮಿ ದಾರ ಕಿತ್ತುಕೊಳ್ಳುತ್ತದೆ, ಗಾಳವನ್ನು ಬಾಯಲ್ಲಿಟ್ಟುಕೊಂಡೇ. ತಲೆ ಮೊದಲು ಬಾಯಿಯ ಅಂಚನ್ನು ದಾಟಿದ ಮೇಲೆ ಬಲೆಯನ್ನು ಮೆಲ್ಲನೆ ಮೇಲಕ್ಕೆ ತಂದರಾಯಿತು. ಮೀನು ಒಳಗಾದ ಮೇಲೆ ಹಿಡಿಯ ತುದಿ ಹಿಡಿದು ಮೇಲೆತ್ತಬಾರದು. ಭಾರಕ್ಕೆ ಹಿಡಿ ಮುರಿದೀತು. ಬಲೆಯನ್ನು ನೀರಿನ ಮೇಲೆಯೇ ಹತ್ತಿರಕ್ಕೆ ಎಳೆದುಕೊಂಡು ಚೌಕಟ್ಟನ್ನು ಎರಡೂ ಕೈಯಿಂದ ಹಿಡಿಯಬೇಕು.

ಗಾಳ ಬಿಡಿಸುವ ಇಕ್ಕಳ ಆಗಲೇ ಜೇಬಿನಲ್ಲಿರಬೇಕು, ಚೀಲದ ತಳದಲ್ಲಲ್ಲ. ಗಾಳದ ಹಿಮ್ಮುಳ್ಳನ್ನು ಮೊದಲೇ ಚಪ್ಪಟೆ ಮಾಡಿದ್ದರೆ ಕೆಲಸ ಕ್ಷಣದ್ದು. ಫೋಟೊ ಬೇಕೆಂದರೆ ಕ್ಯಾಮೆರಾ ಸಿದ್ಧವಾದ ಮೇಲೆ ಮೀನನ್ನು ನೀರಿನಿಂದ ಒಂದು ಗೇಣು ಮೇಲೆತ್ತಿ ತಕ್ಷಣ ಇಳಿಸಿ. ಎತ್ತಿದವರು ಅಷ್ಟು ಹೊತ್ತು ತಮ್ಮ ಉಸಿರನ್ನೂ ಬಿಗಿ ಹಿಡಿದುಕೊಂಡರೆ ಹೊತ್ತು ಎಷ್ಟಾಯಿತೆಂಬುದು ಗಡಿಯಾರವಿಲ್ಲದೆ ತಿಳಿಯುತ್ತದೆ. ಕೊನೆಗೆ ಮೀನಿನ ಮುಖವನ್ನು ಹರಿವಿಗೆ ಎದುರಾಗಿ ತಿರುಗಿಸಿ ಹಿಡಿದುಕೊಳ್ಳಬೇಕು. ಕಿವಿರು ಒಂದೇ ಸಮನೆ ಆಡತೊಡಗಿ, ಬಾಲ ಕೈಯನ್ನು ತಳ್ಳುತ್ತದೆ. ಆಗ ಬಿಡಿ. ನಾವು ಬಿಟ್ಟದ್ದಲ್ಲ, ಅದೇ ಹೋದದ್ದು ಎನ್ನುವಂತಿರಬೇಕು.

ಬಿಡುವುದಾದರೆ ಹಿಡಿಯುವುದೇಕೆ?

ತಾಯಂದಿರು ಕೇಳುವ ಪ್ರಶ್ನೆ ಇದು, ನ್ಯಾಯವಾದ ಪ್ರಶ್ನೆ. ತಿನ್ನುವುದಕ್ಕಾದರೆ ಸರಿ, ಆಟಕ್ಕಾಗಿ ಮೀನಿನ ಬಾಯಿಗೆ ಮುಳ್ಳು ಚುಚ್ಚಬೇಕೇ? ನಮ್ಮ ನಾಡಿನಲ್ಲಿ ಗಾಳವೇ ಇಲ್ಲದೆ ಈ ಮೀನನ್ನು ಕಾಪಾಡಿದ ಪರಂಪರೆಯೂ ಇದೆ. ಶೃಂಗೇರಿ, ಶಿಶಿಲ, ಕಾವೇರಿ ತೀರದ ರಾಮನಾಥಪುರ ಮುಂತಾದ ಕಡೆ ದೇವರ ಮೀನೆಂದು ಯಾರೂ ಮುಟ್ಟುವುದಿಲ್ಲ. ಹಿಡಿಯದೆ ನೋಡಿ ಸಂತೋಷಪಡಬಲ್ಲವರು ಅಲ್ಲಿಗೆ ಹೋಗುವುದೇ ಮೇಲು. ಆದರೆ ಭಕ್ತಿಯೊಂದೇ ಸಾಲದು ಎಂಬುದಕ್ಕೂ ಸಾಕ್ಷಿಯಿದೆ. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿದ್ದರಿಂದ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ.

ಗಾಳ ಹಾಕಿ ಬಿಟ್ಟವರಿಂದಲೂ ಹೊಳೆಗೆ ಒಂದು ಉಪಕಾರವಾಗಿದೆ. ಕಾವೇರಿಯ ಕೆಳಭಾಗದಲ್ಲಿ, ಮೇಕೆದಾಟಿನ ಕಡೆಯ ಕಾಡಿನಲ್ಲಿ ಗಾಳಿಬೋರೆ ಎಂಬಲ್ಲಿ ಗಾಳಗಾರರ ಶಿಬಿರವೊಂದಿತ್ತು. ಗಟ್ಟಿಯಾಗಿ ಬೇಯಿಸಿದ ರಾಗಿ ಮುದ್ದೆಯ ಉಂಡೆಯೇ ಅಲ್ಲಿನ ಎರೆ. ಹಿಡಿದ ಒಂದೊಂದು ಮೀನನ್ನೂ ಅಲ್ಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಪಿಂಡರ್, ರಾಘವನ್ ಮತ್ತು ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ವರದಿ ಪ್ರಕಟಿಸಿದರು. 23,620 ಗಂಟೆಗಳ ಗಾಳದಲ್ಲಿ 6,161 ಮಹಶೀರ್‌ಗಳು ಸಿಕ್ಕಿದ್ದವು, ಎಲ್ಲವನ್ನೂ ತಿರುಗಿ ಬಿಡಲಾಗಿತ್ತು. ಅತಿ ದೊಡ್ಡದು 46.8 ಕಿಲೊ. ಮೇಲುನೋಟಕ್ಕೆ ಸಂತೋಷದ ಸುದ್ದಿ: ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರಿತ್ತು. ಒಳಹೊಕ್ಕು ನೋಡಿದರೆ ಬೇರೆಯೇ ಕಥೆ. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಕಂಪನಿಯ ಕೇಂದ್ರದಲ್ಲಿ ಮರಿ ಮಾಡಿಸಿ ಒಳ್ಳೆಯ ಉದ್ದೇಶದಿಂದಲೇ ಹಂಚಿದ ಜಾತಿ. ಕಾವೇರಿಯದೇ ಆದ, ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ದೈತ್ಯ ಮಹಶೀರ್ ಕಡಿಮೆಯಾಗುತ್ತಾ ಬಂದಿತ್ತು. 2018ರಲ್ಲಿ ವಿಜ್ಞಾನಿಗಳು ಅದು ಟಾರ್ ರೆಮಾದೇವಿ ಎಂಬ ಜಾತಿಯೆಂದು ಖಚಿತಪಡಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ಗಾಳದ ದಾಖಲೆಗಳಿಲ್ಲದಿದ್ದರೆ ಈ ಇಳಿಮುಖ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಲೇ ಇರಲಿಲ್ಲ. ಗಾಳಿಬೋರೆ ಇರುವುದು ಕಾವೇರಿ ವನ್ಯಧಾಮದ ವ್ಯಾಪ್ತಿಯಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಹಿನ್ನೆಲೆಯಲ್ಲಿ ಅಲ್ಲಿ ಗಾಳ ಹಾಕುವುದು ನಿಂತುಹೋಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ನಿಲ್ಲಿಸಿದ್ದರಿಂದ ಕಾವಲು ಹೋಯಿತೆನ್ನುವವರಿದ್ದಾರೆ. ಅಭಯಾರಣ್ಯದಲ್ಲಿ ಆಟಕ್ಕೆ ಎಡೆಯಿಲ್ಲ ಎನ್ನುವವರೂ ಇದ್ದಾರೆ.

ಅಣೆಕಟ್ಟು, ಮರಳು ಎತ್ತುವುದು, ಸಿಡಿಮದ್ದು, ಹೊರಗಿನಿಂದ ಬಂದ ಮೀನು ಇಷ್ಟೆಲ್ಲ ದೊಡ್ಡ ಆಪತ್ತುಗಳ ನಡುವೆ ಒಂದು ಕೈಬಲೆಯ ಕಣ್ಣಿನ ಬಗ್ಗೆ ಇಷ್ಟು ಮಾತು ಬೇಕೇ ಎಂದು ಅನ್ನಿಸಬಹುದು. ಅಣೆಕಟ್ಟಿನ ಬಾಗಿಲು ನಮ್ಮ ಕೈಯಲ್ಲಿಲ್ಲ. ಬಲೆಯ ಹಿಡಿ ನಮ್ಮ ಕೈಯಲ್ಲೇ ಇದೆ. ಒಂದು ಜಾತಿಯ ಮೀನು ಅಳಿವಿನ ಅಂಚಿಗೆ ಬಂದಿರುವಾಗ, ಮೊಟ್ಟೆ ತುಂಬಿದ ಒಂದು ಹೆಣ್ಣುಮೀನು ಹುರುಪೆ ಕಿತ್ತುಕೊಂಡು ಸತ್ತರೆ ಆ ನಷ್ಟ ಸಣ್ಣದಲ್ಲ. ಇದು ಮೀನಿಗೆ ಎಷ್ಟು ಸಲ್ಲುತ್ತದೋ, ಕಲಿಯುವ ಮಕ್ಕಳಿಗೂ ಅಷ್ಟೇ ಸಲ್ಲುತ್ತದೆ. ಗೆದ್ದ ಮೇಲೆ ಎದುರಾಳಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಹೊಳೆಯ ದಡದಲ್ಲಿ ಒಂದು ಬೆಳಗಿನಲ್ಲಿ ಕಲಿಯಬಹುದು.

ಊರ ಕೆರೆಗೆ ಹೋಗುವವರಿಗೆ

ಎಲ್ಲರೂ ವಾಲ್ನೂರಿಗೆ ಹೋಗಲಾಗದು. ಊರ ಕೆರೆಯಲ್ಲಿ ಜಿಲೇಬಿ ಮೀನಿಗೆ ಗಾಳ ಹಾಕುವ ವಿದ್ಯಾರ್ಥಿಗಳಿಗೆ ಬೆಲೆಬಾಳುವ ಬಲೆ ಬೇಕಿಲ್ಲ. ಬೆತ್ತವನ್ನೋ ದಪ್ಪ ತಂತಿಯನ್ನೋ ಬಾಗಿಸಿ, ತಂತಿಯಾದರೆ ಅದಕ್ಕೆ ಬಟ್ಟೆ ಸುತ್ತಿ, ಬಿದಿರಿನ ಹಿಡಿಗೆ ಬಿಗಿದು, ಗಂಟಿಲ್ಲದ ಮೃದುವಾದ ಜಾಲರಿ ಬಟ್ಟೆಯಿಂದ ಚಪ್ಪಟೆ ತಳದ ಚೀಲ ಹೊಲಿದರೆ ಕೆಲಸ ನಡೆಯುತ್ತದೆ. ಅಮ್ಮನ ಹೊಲಿಗೆ ಯಂತ್ರದ ಸಹಾಯವಿದ್ದರೆ ಒಂದು ಸಂಜೆಯ ಕೆಲಸ. ತಿನ್ನುವುದಕ್ಕೆಂದೇ ಹಿಡಿಯುವವರಿಗೂ ಬಲೆ ಬೇಕು. ಚೇಳುಮೀನಿನ ಮುಳ್ಳಿನಿಂದ ಬೆರಳು ಉಳಿಯುತ್ತದೆ, ಎಳೆಯ ಮರಿ ಸಿಕ್ಕರೆ ನೋಯಿಸದೆ ತಿರುಗಿ ಬಿಡಬಹುದು. ಕೆರೆಯನ್ನು ಯಾರಿಗಾದರೂ ಗುತ್ತಿಗೆ ಕೊಟ್ಟಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹೋಗುವ ಮುನ್ನ

ಮೈಸೂರು–ಮಡಿಕೇರಿ ಮಾರ್ಗದ ಬಸ್ಸಿನಲ್ಲಿ ಕುಶಾಲನಗರಕ್ಕೆ ಬಂದು ಅಲ್ಲಿಂದ ಸಿದ್ದಾಪುರದ ರಸ್ತೆಯಲ್ಲಿ ವಾಲ್ನೂರು ತಲುಪಬಹುದು. ಉಳಿಯಲು ಕುಶಾಲನಗರ, ಸಿದ್ದಾಪುರ ಹಾಗೂ ಸುತ್ತಲಿನ ತೋಟಗಳ ಅತಿಥಿಗೃಹಗಳಿವೆ. ಅನುಮತಿಯಿಲ್ಲದೆ ಹೊಳೆಗೆ ಗಾಳ ಹಾಕುವಂತಿಲ್ಲ. ಆ ವರ್ಷದ ನಿಯಮ, ಶುಲ್ಕಗಳನ್ನು ಮೀನುಗಾರಿಕೆ ಇಲಾಖೆಯಲ್ಲಿಯೂ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯಲ್ಲಿಯೂ ಕೇಳಿ ತಿಳಿದುಕೊಂಡೇ ಹೊರಡಬೇಕು. ಮಳೆಗಾಲ ಮಹಶೀರ್ ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಕಾಲ; ಹೊಳೆಯೂ ಅಪಾಯಕಾರಿ. ಡಿಸೆಂಬರಿನಿಂದ ಮೇ ತಿಂಗಳ ಆರಂಭದವರೆಗೆ ಒಳ್ಳೆಯ ಸಮಯ.

ಮಕ್ಕಳಿಗೆ ತೇಲುವ ಜಾಕೆಟ್ ತೊಡಿಸದೆ ಹರಿಗೋಲು ಹತ್ತಿಸಬೇಡಿ. ಈಜು ಬಂದರೂ ಮಡುವಿಗೆ ಇಳಿಯುವುದು ಬೇಡ. ಸಂಜೆಯ ಮೇಲೆ ಆನೆಗಳು ನೀರಿಗೆ ಬರುವುದುಂಟು. ಕತ್ತಲಾಗುವ ಮೊದಲೇ ದಡ ಬಿಡಿ. ಮನೆಗೆ ಬಂದ ಮೇಲೆ ಬಲೆಯನ್ನು ಶುದ್ಧ ನೀರಿನಲ್ಲಿ ಜಾಲಿಸಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಒಂದು ಹೊಳೆಯ ಪಾಚಿ, ಹುಳು, ರೋಗ ಒದ್ದೆ ಬಲೆಯಲ್ಲಿ ಕುಳಿತು ಇನ್ನೊಂದು ಹೊಳೆಗೆ ಹೋಗುತ್ತವೆ. ನ್ಯೂಜಿಲೆಂಡಿನ ಹೊಳೆಗಳಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡ ಮೇಲೆ ಅಲ್ಲಿ ಪ್ರತಿಯೊಬ್ಬ ಗಾಳಗಾರನಿಗೂ ‘ನೋಡಿ, ತೊಳೆಯಿರಿ, ಒಣಗಿಸಿ’ ಎಂದು ಹೇಳಿಕೊಡುತ್ತಾರೆ. ಕಾವೇರಿಯಿಂದ ತುಂಗೆಗೆ, ತುಂಗೆಯಿಂದ ಊರ ಕೆರೆಗೆ ಬಲೆ ಹೊತ್ತು ತಿರುಗುವವರಿಗೂ ಈ ಮೂರು ಮಾತು ಸಾಕು.